ಅಗಲ ಎಷ್ಟು, ಆಳ ಎಷ್ಟು?

ಆಲೆಮನೆಯ ಡೀಸೆಲ್ ಎಂಜಿನ್‌ನಿಂದ ಹಿಡಿದು ರೇಸ್ ಕಾರಿನವರೆಗೆ, ಎಂಜಿನ್ ಹುಟ್ಟುವಾಗಲೇ ಅದರ ಹಣೆಬರಹ ಬರೆಯುವ ಅಳತೆಗಳು ಎರಡು: ಬೋರ್ ಮತ್ತು ಸ್ಟ್ರೋಕ್.

ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರದ ಕಡೆಯ ಒಳದಾರಿಗಳಲ್ಲಿ ಹೋದರೆ, ಆಲೆಮನೆಯ ಹೊಗೆ ಕಣ್ಣಿಗೆ ಬೀಳುವ ಮೊದಲೇ ಬಿಸಿ ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತದೆ. ಅದಕ್ಕೂ ಮೊದಲು ಕಿವಿಗೆ ತಲುಪುವುದು ಎಂಜಿನ್ ಸದ್ದು. ಗಾಣಕ್ಕೆ ಈಗ ಬಹಳ ಕಡೆ ಕರೆಂಟ್ ಮೋಟರ್ ಬಂದಿದೆ. ಆದರೂ ಅಲ್ಲೊಂದು ಇಲ್ಲೊಂದು ಕಡೆ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಬೆಲ್ಟ್ ಎಳೆಯುತ್ತಲೇ ಇದೆ. ರೈತರ ನಡುವೆ ಮನೆಮಾತಾದ ಕಿರ್ಲೋಸ್ಕರ್ ಎವಿ1 ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರ ಸಿಲಿಂಡರಿನ ಅಗಲ 80 ಮಿ.ಮೀ., ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರ 110 ಮಿ.ಮೀ., ಒಟ್ಟು 553 ಸಿಸಿ. ನಿಮಿಷಕ್ಕೆ 1500 ಸುತ್ತು ತಿರುಗಿ 5 ಎಚ್‌ಪಿ ಕೊಡುತ್ತದೆ.

ಅಲ್ಲಿಂದ ಶ್ರೀರಂಗಪಟ್ಟಣದತ್ತ ಬಂದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ದಾರಿ ನಮ್ಮ ಸೀಮೆಯ ಹುಡುಗರಿಗೆ ಹೊಸದೊಂದು ಕಾರಿನ ಹುಚ್ಚು ಹಚ್ಚಿದೆ. ಟೀ ಅಂಗಡಿಯ ಮುಂದೆ ನಿಂತರೆ ಸಿಸಿ, ಪಿಕಪ್, ಟರ್ಬೊ ಎಂಬ ಮಾತುಗಳೇ ಕಿವಿಗೆ ಬೀಳುತ್ತವೆ. ಅವರಿಗೆ ನಾನು ಹೇಳುವ ಉದಾಹರಣೆ 1999ರಲ್ಲಿ ಬಂದ ಹೋಂಡಾ ಎಸ್2000. ಎರಡು ಲೀಟರಿನ, ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಎಂಜಿನ್. ಶಕ್ತಿ 240 ಎಚ್‌ಪಿ. ಒಂದು ಸಿಲಿಂಡರಿನ ಪಾಲಿಗೆ 499 ಸಿಸಿ, 60 ಎಚ್‌ಪಿ. ಅಂದರೆ ಗಾಣದ ಎಂಜಿನ್‌ಗಿಂತ ಚಿಕ್ಕ ಸಿಲಿಂಡರ್ ಹನ್ನೆರಡು ಪಟ್ಟು ಶಕ್ತಿ ಕೊಟ್ಟಿತು. ಅದರ ಅಗಲ 87 ಮಿ.ಮೀ., ಪಿಸ್ಟನ್ನಿನ ಓಟ 84 ಮಿ.ಮೀ.

ಸಿಸಿ ನೋಡಿ ಎಂಜಿನ್‌ನ ತೂಕ ಕಟ್ಟುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚುಕಡಿಮೆ ಅದೇ ಸಿಸಿ ಒಂದು ಕಡೆ ರಾತ್ರಿಯಿಡೀ ಕಬ್ಬು ಅರೆಯುವ ಎತ್ತಾಗುತ್ತದೆ, ಇನ್ನೊಂದು ಕಡೆ ಕುದುರೆಯಾಗುತ್ತದೆ. ಡೀಸೆಲ್–ಪೆಟ್ರೋಲ್ ವ್ಯತ್ಯಾಸ ಇದೆ, ವಾಲ್ವ್‌ಗಳ ಜಾಣ್ಮೆ ಇದೆ, ಒಪ್ಪೋಣ. ಅವೆಲ್ಲಕ್ಕೂ ಮೊದಲು, ಎಂಜಿನ್ ಇನ್ನೂ ಕಾಗದದ ಮೇಲಿರುವಾಗಲೇ, ಅಗಲಕ್ಕೆ ಎಷ್ಟು, ಆಳಕ್ಕೆ ಎಷ್ಟು ಎಂಬ ತೀರ್ಮಾನ ಆಗಿರುತ್ತದೆ.

ಇಂಚಿನ ಲೆಕ್ಕ, ಅಡಿಯ ಲೆಕ್ಕ

ನಾಗಮಂಗಲದಲ್ಲೋ ಕೆ.ಆರ್. ಪೇಟೆಯ ಒಣಭೂಮಿಯ ಊರುಗಳಲ್ಲೋ ‘ಬೋರ್’ ಎಂದರೆ ಯಾರಿಗೂ ಮೊದಲು ಎಂಜಿನ್ ನೆನಪಾಗುವುದಿಲ್ಲ, ಕೊಳವೆಬಾವಿ ನೆನಪಾಗುತ್ತದೆ. ಆರೂವರೆ ಇಂಚಿನ ಬೋರ್, ಎಷ್ಟು ಅಡಿಗೆ ಹೋಯಿತು ಎಂಬುದೇ ಮಾತು. ಬೋರ್ ಕೊರೆಸಿದ ರೈತನಿಗೆ ಎರಡು ಅಳತೆ ಬಾಯಿಪಾಠ: ಅಗಲ ಇಂಚಿನಲ್ಲಿ, ಆಳ ಅಡಿಯಲ್ಲಿ. ಎಂಜಿನ್‌ನದೂ ಇದೇ ಲೆಕ್ಕ. ಸಿಲಿಂಡರಿನ ಅಗಲವೇ ಬೋರ್. ಪಿಸ್ಟನ್ ತುದಿಯಿಂದ ತಳಕ್ಕೆ ಇಳಿಯುವ ದೂರವೇ ಸ್ಟ್ರೋಕ್. ಎರಡನ್ನೂ ಸೆಂಟಿಮೀಟರಿನಲ್ಲಿ ಹಿಡಿದು, ಬೋರಿನ ವರ್ಗವನ್ನು ಸ್ಟ್ರೋಕ್‌ನಿಂದ ಗುಣಿಸಿ, 0.785ರಿಂದ ಗುಣಿಸಿದರೆ ಒಂದು ಸಿಲಿಂಡರಿನ ಗಾತ್ರ. ಅದನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಎಂಜಿನ್‌ನ ಒಟ್ಟು ಸಿಸಿ.

ಅಗಲಕ್ಕಿಂತ ಓಟ ಹೆಚ್ಚಿದ್ದರೆ ಅದು ಲಾಂಗ್ ಸ್ಟ್ರೋಕ್ ಎಂಜಿನ್. ಓಟಕ್ಕಿಂತ ಅಗಲ ಹೆಚ್ಚಿದ್ದರೆ ಶಾರ್ಟ್ ಸ್ಟ್ರೋಕ್. ಎರಡೂ ಸಮ ಇದ್ದರೆ ಸ್ಕ್ವೇರ್ ಎಂಜಿನ್. ಈ ಮೂರಕ್ಕೂ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗಾಣದ ಎಂಜಿನ್ ಲಾಂಗ್ ಸ್ಟ್ರೋಕ್. ಶ್ರೀರಂಗಪಟ್ಟಣದ ನಾಲೆ ಬಯಲಿನ ಗದ್ದೆಯಲ್ಲಿ ಕೆಸರು ತುಳಿಯುವ ಪವರ್ ಟಿಲ್ಲರ್ ನೋಡಿ. ಬೆಂಗಳೂರಿನ ವಿಎಸ್‌ಟಿ ಕಂಪನಿಯ ಶಕ್ತಿ 130 ಡಿಐ ಟಿಲ್ಲರಿನ ಬೋರ್ 95 ಮಿ.ಮೀ., ಸ್ಟ್ರೋಕ್ ಕೂಡ 95 ಮಿ.ಮೀ., ಒಟ್ಟು 673 ಸಿಸಿ, 13 ಎಚ್‌ಪಿ. ಕೈಯಲ್ಲಿ ಹಿಡಿದು ನಡೆಸುವ ಯಂತ್ರ ತೀರಾ ಎತ್ತರವೂ ಆಗಬಾರದು, ಎಳೆತವೂ ಬಿಡಬಾರದು ಎನ್ನುವಾಗ ಈ ಸಮತೂಕ ಒಳ್ಳೆಯ ದಾರಿ. ಶಾರ್ಟ್ ಸ್ಟ್ರೋಕಿಗೆ ಹಳೆಯ ಮಾರುತಿ ಝೆನ್ ಇದೆ.

ಬಿಂದಿಗೆಯ ಬಾಯಿ

ಬಿಂದಿಗೆಯನ್ನು ನೀರಿಗೆ ಅದ್ದಿದರೆ ಗುಳುಗುಳು ಎಂದು ನಿಧಾನ ತುಂಬುತ್ತದೆ. ಅಷ್ಟೇ ನೀರು ಹಿಡಿಯುವ ಬಕೆಟ್ ಅದ್ದಿದರೆ ಒಂದೇ ಗಳಿಗೆಯಲ್ಲಿ ತುಂಬಿ ಬರುತ್ತದೆ. ಬಾಯಿಯ ಅಗಲದಲ್ಲಿದೆ ವ್ಯತ್ಯಾಸ. ಸಿಲಿಂಡರಿಗೆ ಗಾಳಿ ಒಳಬರುವ ಬಾಗಿಲು ಎಂದರೆ ವಾಲ್ವ್‌ಗಳು. ಅವು ಕೂರುವುದು ಸಿಲಿಂಡರಿನ ತಲೆಯ ಮೇಲೆ. ಬೋರ್ ಅಗಲವಾದಷ್ಟೂ ಆ ತಲೆಯಲ್ಲಿ ದೊಡ್ಡ ವಾಲ್ವ್‌ಗಳಿಗೆ ಜಾಗ. ಎಂಜಿನ್ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುವಾಗ ಸಿಲಿಂಡರಿಗೆ ಉಸಿರೆಳೆದುಕೊಳ್ಳಲು ಸಿಗುವ ಸಮಯ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಾಗಿಲು ಕಿರಿದಾದರೆ ಸಿಲಿಂಡರ್ ಅರೆಹೊಟ್ಟೆಯಲ್ಲಿ ಉಳಿಯುತ್ತದೆ.

ಮಾರುತಿ 800 ಮತ್ತು ಝೆನ್ ಅಕ್ಕಪಕ್ಕ ಇಟ್ಟು ನೋಡೋಣ. 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್‌ಗೆ 68.5 ಮಿ.ಮೀ. ಬೋರ್, 72 ಮಿ.ಮೀ. ಸ್ಟ್ರೋಕ್. 1993ರಲ್ಲಿ ಬಂದ ಝೆನ್‌ನ ನಾಲ್ಕು ಸಿಲಿಂಡರಿನ 993 ಸಿಸಿ ಎಂಜಿನ್‌ಗೆ 72 ಮಿ.ಮೀ. ಬೋರ್, 61 ಮಿ.ಮೀ. ಸ್ಟ್ರೋಕ್. ಝೆನ್ ಓಡಿಸಿದವರಿಗೆ ನೆನಪಿರುತ್ತದೆ: ಕೆಳಗಿನ ಸುತ್ತಿನಲ್ಲಿ ಸಾಧಾರಣ ಸಾಧುಪ್ರಾಣಿ, ಆಕ್ಸಲರೇಟರ್ ತುಳಿದು ಮೇಲಕ್ಕೆ ಏರಿಸಿದರೆ ಹಾಡಲು ಶುರುಮಾಡುತ್ತಿತ್ತು. ಆ ಸ್ವಭಾವಕ್ಕೆ ಈ ಅಳತೆಯೇ ಬುನಾದಿ.

ಅಗಲಕ್ಕೂ ಒಂದು ಬೆಲೆ ಇದೆ. ಗದ್ದೆಯಲ್ಲಿ ಹರಡಿದ ತರಗಿಗೆ ನಡುವೆ ಕಿಡಿ ಇಟ್ಟರೆ ಬೆಂಕಿ ಅಂಚಿಗೆ ಬರಲು ಹೊತ್ತು ಬೇಕು. ಗದ್ದೆ ದೊಡ್ಡದಾದಷ್ಟೂ ಹೊತ್ತು ಹೆಚ್ಚು. ಸಿಲಿಂಡರಿನಲ್ಲೂ ಸ್ಪಾರ್ಕ್ ಪ್ಲಗ್ ಹಚ್ಚಿದ ಜ್ವಾಲೆ ಗೋಡೆಯವರೆಗೆ ನಡೆದುಹೋಗಬೇಕು. ಬೋರ್ ಅಗಲವಾದರೆ ಅಂಚಿನ ಇಂಧನ ತನ್ನ ಸರದಿ ಬರುವ ಮೊದಲೇ ತಾನಾಗಿ ಸಿಡಿಯುವ ಅಪಾಯ ಇದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವ ಟಣಟಣ ಸದ್ದು ಅದೇ. ಅಂಚಿನ ಸಂದಿಗಳಲ್ಲಿ ಒಂದಷ್ಟು ಇಂಧನ ಉರಿಯದೆ ಹೊಗೆಯಾಗಿ ಹೋಗುವುದೂ ಉಂಟು. ಕಿರಿದಾದ ಬೋರಿನಲ್ಲಿ ಉರಿ ಒಂದೆಡೆ ಒತ್ತೊತ್ತಾಗಿ ಇರುತ್ತದೆ, ಶಾಖ ಗೋಡೆಗೆ ಕಡಿಮೆ ಸೋರುತ್ತದೆ, ಮೈಲೇಜ್ ಉಳಿಯುತ್ತದೆ.

ಬೀಸುವ ಕಲ್ಲಿನ ಗೂಟ

‘ಲಾಂಗ್ ಸ್ಟ್ರೋಕ್ ಎಂದರೆ ಎಳೆತ ಜಾಸ್ತಿ’ ಎಂಬ ಮಾತು ಗ್ಯಾರೇಜಿನಿಂದ ಕಾಲೇಜಿನವರೆಗೆ ಓಡಾಡುತ್ತದೆ. ಇದನ್ನು ಬಿಡಿಸಿ ನೋಡದಿದ್ದರೆ ಎಂಜಿನ್ ಅರ್ಥವಾಗುವುದಿಲ್ಲ.

ಬೀಸುವ ಕಲ್ಲಿನ ಗೂಟ ನಡುವಿನಿಂದ ದೂರ ಇದ್ದಷ್ಟೂ ಕಲ್ಲು ಹಗುರವಾಗಿ ತಿರುಗುತ್ತದೆ. ಸ್ಟ್ರೋಕ್ ಉದ್ದವಾದರೆ ಕ್ರ್ಯಾಂಕಿನ ಗೂಟವೂ ದೂರಕ್ಕೆ ಹೋಗುತ್ತದೆ, ಆದ್ದರಿಂದ ಎಳೆತ ಹೆಚ್ಚಬೇಕು ಎಂಬುದು ಸಾಮಾನ್ಯ ತರ್ಕ. ಆದರೆ ಗೂಟವನ್ನು ತಳ್ಳುವ ಕೈ ಯಾವುದು? ಪಿಸ್ಟನ್. ಸಿಸಿ ಅಷ್ಟೇ ಇರಬೇಕೆಂದರೆ ಸ್ಟ್ರೋಕ್ ಹಿಗ್ಗಿದಷ್ಟು ಪಿಸ್ಟನ್ ಕುಗ್ಗಲೇಬೇಕು. ಲೆಕ್ಕ ಹಾಕೋಣ. 500 ಸಿಸಿಯ ಒಂದು ಸಿಲಿಂಡರನ್ನು 80 ಮಿ.ಮೀ. ಬೋರಿನಲ್ಲಿ ಮಾಡಿದರೆ ಸ್ಟ್ರೋಕ್ 99.5 ಮಿ.ಮೀ. ಅದನ್ನೇ 92 ಮಿ.ಮೀ. ಬೋರಿನಲ್ಲಿ ಮಾಡಿದರೆ ಸ್ಟ್ರೋಕ್ ಸುಮಾರು 75 ಮಿ.ಮೀ. ಎರಡನೆಯದರಲ್ಲಿ ಪಿಸ್ಟನ್ನಿನ ಹರವು ಶೇ 32ರಷ್ಟು ಹೆಚ್ಚು, ತಳ್ಳುವ ಬಲವೂ ಅಷ್ಟೇ ಹೆಚ್ಚು. ಗೂಟದ ದೂರ ಶೇ 24ರಷ್ಟು ಕಡಿಮೆ. ಎರಡನ್ನೂ ಗುಣಿಸಿದರೆ ಮೊದಲಿದ್ದಷ್ಟೇ. ಒಳಗಿನ ಒತ್ತಡ ಒಂದೇ ಇದ್ದರೆ ಎಳೆತ ನಿಂತಿರುವುದು ಒಟ್ಟು ಸಿಸಿಯ ಮೇಲೆ.

ಇದಕ್ಕೆ ಸಾಕ್ಷಿ ನಮ್ಮ ರಸ್ತೆಯಲ್ಲೇ ಓಡಾಡುತ್ತಿದೆ. ಹಿಂದಿನ ಸ್ವಿಫ್ಟ್ ಕಾರಿನ ನಾಲ್ಕು ಸಿಲಿಂಡರಿನ 1197 ಸಿಸಿ ಪೆಟ್ರೋಲ್ ಎಂಜಿನ್‌ಗೆ 73 ಮಿ.ಮೀ. ಬೋರ್, 71.5 ಮಿ.ಮೀ. ಸ್ಟ್ರೋಕ್. 2024ರ ಸ್ವಿಫ್ಟ್‌ಗೆ ಹೊಸ ಮೂರು ಸಿಲಿಂಡರಿನ ಎಂಜಿನ್ ಬಂತು. ಅದೂ 1197 ಸಿಸಿ, ಆದರೆ ಬೋರ್ 74 ಮಿ.ಮೀ., ಸ್ಟ್ರೋಕ್ 92.8 ಮಿ.ಮೀ. ಸ್ಟ್ರೋಕ್ ಎರಡು ಸೆಂಟಿಮೀಟರಿಗೂ ಹೆಚ್ಚು ಉದ್ದವಾಯಿತು. ಎಳೆತ, ಅಂದರೆ ಟಾರ್ಕ್, ಮಾತ್ರ 113ರಿಂದ ಸುಮಾರು 112 ನ್ಯೂಟನ್ ಮೀಟರಿಗೆ ಬಂದು ನಿಂತಿತು. ಇದ್ದಲ್ಲೇ ಇದೆ ಎನ್ನಬಹುದು. ಕಡಿಮೆಯಾದದ್ದು ಗರಿಷ್ಠ ಶಕ್ತಿ: 6000 ಸುತ್ತಿನಲ್ಲಿ ಸುಮಾರು 90 ಎಚ್‌ಪಿ ಇದ್ದದ್ದು 5700 ಸುತ್ತಿನಲ್ಲಿ ಸುಮಾರು 82 ಎಚ್‌ಪಿ ಆಯಿತು. ಗಳಿಸಿದ್ದು ಮೈಲೇಜ್.

ಹಾಗಾದರೆ ಬುಲೆಟ್‌ನಂಥ ಗಾಡಿ ಏರಿನಲ್ಲಿ ಅಷ್ಟು ನೆಮ್ಮದಿಯಿಂದ ಎಳೆಯುತ್ತದಲ್ಲ? ಹಳೆಯ ಬುಲೆಟ್ 350ರ ಅಳತೆ 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್. ಅದರ ಕಿರಿದಾದ ವಾಲ್ವ್‌ನಲ್ಲಿ ನಿಧಾನ ಸುತ್ತಿನಲ್ಲೂ ಗಾಳಿ ರಭಸವಾಗಿ ನುಗ್ಗಿ ಇಂಧನದ ಜೊತೆ ಚೆನ್ನಾಗಿ ಬೆರೆಯುತ್ತದೆ. ಭಾರದ ಫ್ಲೈವೀಲ್ ಜೊತೆಗೂಡುತ್ತದೆ. ಎಳೆತದ ಶಿಖರ ಕೆಳಗಿನ ಸುತ್ತಿನಲ್ಲೇ ಸಿಗುವುದರಿಂದ ಪದೇಪದೇ ಗೇರ್ ಇಳಿಸುವ ಗೋಜಿಲ್ಲ. ಎಳೆತ ಸಿಗುವ ಜಾಗ ಬದಲಾಗಿರುತ್ತದೆ. ನಮ್ಮ ಕೈಗೆ ಅದು ಹೆಚ್ಚಿದಂತೆ ತೋರುತ್ತದೆ.

ಪಿಸ್ಟನ್ನಿನ ನಡಿಗೆ

ಶಕ್ತಿ ಎಂದರೆ ಎಳೆತವನ್ನು ಸುತ್ತಿನಿಂದ ಗುಣಿಸಿದ್ದು. ಎಳೆತ ಸಿಸಿಗೆ ಕಟ್ಟುಬಿದ್ದಿದ್ದರೆ, ಅದೇ ಸಿಸಿಯಲ್ಲಿ ಹೆಚ್ಚು ಶಕ್ತಿ ಬೇಕೆನ್ನುವವನಿಗೆ ಉಳಿಯುವ ಹೆದ್ದಾರಿ ಒಂದೇ: ಹೆಚ್ಚು ಸುತ್ತು. ಎಸ್2000ರ ಸಿಲಿಂಡರ್ ಗಾಣದ ಎಂಜಿನ್‌ನ ಐದೂವರೆ ಪಟ್ಟು ಸುತ್ತಿನಲ್ಲಿ ತನ್ನ ಶಕ್ತಿ ಕೊಡುತ್ತದೆ. ಹನ್ನೆರಡು ಪಟ್ಟಿನ ಗುಟ್ಟಿನಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲೇ ಅಡಗಿದೆ. ಉಳಿದದ್ದು ಉಸಿರಾಟದ ಮತ್ತು ಉರಿಯ ಗುಣ.

ಸುತ್ತು ಏರಿಸಲು ಅಡ್ಡಬರುವುದು ಸ್ಟ್ರೋಕ್. ಒಂದು ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಇಳಿದು ಒಮ್ಮೆ ಏರುತ್ತದೆ. ಎರಡು ತುದಿಯಲ್ಲೂ ಪೂರ್ತಿ ನಿಂತು ತಿರುಗಬೇಕು. ಸುತ್ತು ಇಮ್ಮಡಿಯಾದರೆ ಈ ನಿಲ್ಲಿಸಿ ಓಡಿಸುವ ಜಗ್ಗಾಟ ನಾಲ್ಕು ಪಟ್ಟಾಗಿ ಕನೆಕ್ಟಿಂಗ್ ರಾಡ್ ಮೇಲೆ ಬೀಳುತ್ತದೆ. ಆದ್ದರಿಂದ ಎಂಜಿನಿಯರ್‌ಗಳು ಪಿಸ್ಟನ್ನಿನ ಸರಾಸರಿ ವೇಗದ ಮೇಲೆ ಸದಾ ಕಣ್ಣಿಡುತ್ತಾರೆ. ಸ್ಟ್ರೋಕನ್ನು ಎರಡರಿಂದಲೂ ಸುತ್ತಿನಿಂದಲೂ ಗುಣಿಸಿದರೆ ಅದು ಸಿಗುತ್ತದೆ.

ಗಾಣದ ಎಂಜಿನ್‌ನ ಪಿಸ್ಟನ್ ಸೆಕೆಂಡಿಗೆ 5.5 ಮೀಟರ್ ನಡೆಯುತ್ತದೆ. ಗಂಟೆಗೆ ಸುಮಾರು 20 ಕಿ.ಮೀ., ಸೈಕಲ್ ತುಳಿಯುವ ವೇಗ. ಹೊಸ ಸ್ವಿಫ್ಟ್‌ನದು 5700 ಸುತ್ತಿನಲ್ಲಿ 17.6 ಮೀಟರ್. ಎಸ್2000 ತನ್ನ ಮಿತಿಯಾದ 9000 ಸುತ್ತಿನಲ್ಲಿ 25 ಮೀಟರ್ ಮುಟ್ಟುತ್ತದೆ. ಪಿಸ್ಟನ್ನೇ ಗಂಟೆಗೆ 90 ಕಿ.ಮೀ. ಓಡಿದಂತೆ. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಓಡಿದ ಫಾರ್ಮುಲಾ ಒನ್ ಕಾರುಗಳ ಎಂಟು ಸಿಲಿಂಡರಿನ 2.4 ಲೀಟರ್ ಎಂಜಿನ್‌ಗಳಿಗೆ 18,000 ಸುತ್ತಿನ ಮಿತಿ ಇತ್ತು. ನಿಯಮದ ಪ್ರಕಾರ ಬೋರ್ 98 ಮಿ.ಮೀ. ಮೀರುವಂತಿರಲಿಲ್ಲ. ಆ ಅಗಲಕ್ಕೆ ಸ್ಟ್ರೋಕ್ ನಾಲ್ಕು ಸೆಂಟಿಮೀಟರಿಗೂ ಕೊಂಚ ಕಡಿಮೆ. ಅಂಗೈಯಗಲದ ಪಿಸ್ಟನ್ ಎರಡು ಬೆರಳಿನ ದೂರವನ್ನು ಸೆಕೆಂಡಿಗೆ ಆರುನೂರು ಸಲ ದಾಟುತ್ತಿತ್ತು. ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ 24 ಮೀಟರ್. ಎಸ್2000ರ ಎರಡರಷ್ಟು ಸುತ್ತಿದರೂ ಪಿಸ್ಟನ್ ಅದರಷ್ಟೂ ಓಡುತ್ತಿರಲಿಲ್ಲ. ಸ್ಟ್ರೋಕ್ ಮೊಟಕು ಮಾಡಿದ್ದರ ಫಲ ಅದು. ಮುಂದೆ ಬಂದ 1.6 ಲೀಟರಿನ ಆರು ಸಿಲಿಂಡರ್ ಎಂಜಿನ್‌ಗಳಿಗೆ ಬೋರ್ 80 ಮಿ.ಮೀ. ಎಂದು ನಿಯಮವೇ ಗೊತ್ತುಮಾಡಿತು. ಅಗಲದ ಪೈಪೋಟಿ ಬಿಟ್ಟರೆ ಎಲ್ಲಿಗೆ ಹೋಗುತ್ತದೆಂದು ನಿಯಮ ಬರೆದವರಿಗೆ ಗೊತ್ತಿತ್ತು.

ಅಂಬಾಸಿಡರ್ ಅಳತೆ ಮರಳಿ ಬಂತು

ಈ ಎರಡು ಅಳತೆಗಳನ್ನು ಎಂಜಿನಿಯರ್ ಒಬ್ಬನೇ ಬರೆಯುವುದಿಲ್ಲ. ಕಾಲವೂ ಕಾನೂನೂ ಜೊತೆಗೆ ಕೂತು ಬರೆಯುತ್ತವೆ. ಬ್ರಿಟನ್ನಿನಲ್ಲಿ 1910ರಿಂದ 1940ರ ದಶಕದವರೆಗೆ ಕಾರಿನ ತೆರಿಗೆ ನಿಂತಿದ್ದು ಸಿಲಿಂಡರಿನ ಅಗಲದ ಮೇಲೆ. ಸ್ಟ್ರೋಕ್ ಎಷ್ಟೇ ಇರಲಿ, ಲೆಕ್ಕಕ್ಕೆ ಬರುತ್ತಿರಲಿಲ್ಲ. ತಯಾರಕರು ಬೋರ್ ಕಿರಿದು ಮಾಡಿ ಸ್ಟ್ರೋಕ್ ಉದ್ದ ಮಾಡಿದರು. ತೆರಿಗೆ ಹೋದ ಮೇಲೂ ಆ ರೂಢಿಯ ಗುರುತು ಉಳಿಯಿತು. ನಮ್ಮ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಕೂಸು. ಬೋರ್ 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ. ಮದುವೆ ದಿಬ್ಬಣದ ಎಂಟು ಹತ್ತು ಜನರನ್ನು ತುಂಬಿಕೊಂಡು ಮೇಲುಕೋಟೆ ಬೆಟ್ಟ ಹತ್ತಿದ ಕಾರಿನೊಳಗೆ ಬ್ರಿಟಿಷ್ ತೆರಿಗೆಯ ನೆರಳು ಇತ್ತು.

ಈಗ ಆ ಸಂಖ್ಯೆಗಳನ್ನು ಹೊಸ ಸ್ವಿಫ್ಟ್‌ನ ಪಕ್ಕದಲ್ಲಿಡಿ: 74 ಮತ್ತು 92.8. ತಾತನ ಅಂಗಿ ಮೊಮ್ಮಗನ ಮೈಗೆ ಸರಿಹೊಂದಿದಂತಿದೆ. ಅಂದು ಕಾರಣ ತೆರಿಗೆ; ಇಂದು ಕಾರಣ ಹೊಗೆಯ ನಿಯಮ ಮತ್ತು ಪೆಟ್ರೋಲಿನ ಬೆಲೆ. ನಡುವಿನ ಅರವತ್ತು ವರ್ಷಗಳಲ್ಲಿ ಬದಲಾದದ್ದು ಸುತ್ತಮುತ್ತಲಿನದು. ಸಿಲಿಂಡರಿಗೆ ಎರಡಿದ್ದ ವಾಲ್ವ್ ನಾಲ್ಕಾಯಿತು, ಪಿಸ್ಟನ್ ಹಗುರವಾಯಿತು, ಲೋಹವೂ ಆಯಿಲೂ ಸುಧಾರಿಸಿದವು. ಅದರಿಂದ ಉದ್ದನೆಯ ಸ್ಟ್ರೋಕ್ ಇಂದು ಅಂಬಾಸಿಡರ್ ಕಾಣದ ಸುತ್ತಿಗೆ ಏರುತ್ತದೆ.

ನಮ್ಮ ಮೈಸೂರಿನದೇ ಕಥೆ ಇದರ ತಿರುವು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದು ಮಂಡ್ಯ ಜಿಲ್ಲೆಯ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ 250 ಸಿಸಿಯ ಜಾವಾ ಬೈಕಿನ ಅಳತೆ 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯಿಂದ ಮರಳಿ ಬಂದ ಜಾವಾ, ಫೋರ್ ಸ್ಟ್ರೋಕ್ ಎಂಜಿನ್‌ನೊಂದಿಗೆ, 76 ಮಿ.ಮೀ. ಬೋರ್, 65 ಮಿ.ಮೀ. ಸ್ಟ್ರೋಕ್ ಹೊತ್ತುಕೊಂಡಿತ್ತು. ಹೆಸರು ಅದೇ, ಅಳತೆ ತಲೆಕೆಳಗು, ಸ್ವಭಾವವೂ ಬೇರೆ.

ಉಗುರಿಗೆ ಸಿಗುವ ಗೆರೆ

ಕೆ.ಆರ್. ಪೇಟೆಯ ಒಂದು ಲೇತ್ ಅಂಗಡಿಯಲ್ಲಿ ಈ ಅಳತೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ್ದೇನೆ. ನಾಗಮಂಗಲದ ಕಡೆಯಿಂದ ಒಬ್ಬರು ಹಳೆಯ ಬೈಕಿನ ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಮೇಸ್ತ್ರಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು.

‘ಒಳಗಡೆಯಿಂದ ಮೇಲಕ್ಕೆ ಉಗುರು ಎಳೀರಿ ಸಾ.’

ಎಳೆದೆ. ಬಾಯಿಯ ಹತ್ತಿರ ಸಣ್ಣ ಮೆಟ್ಟಿಲಿಗೆ ಉಗುರು ತಡೆಯಿತು.

‘ಸಿಕ್ತಾ? ಬೋರ್ ಹೋಗದೆ ಅಂತ್ಲೇ ಲೆಕ್ಕ.’

ಪಿಸ್ಟನ್ ತುತ್ತತುದಿಯಲ್ಲಿ ನಿಂತು ತಿರುಗುವ ಕಡೆಯೇ ಶಾಖ ಹೆಚ್ಚು, ಒತ್ತಡ ಹೆಚ್ಚು, ಆಯಿಲ್ ಪದರ ತೆಳು. ರಿಂಗ್ ಗೋಡೆಯನ್ನು ಹೆಚ್ಚು ತಿನ್ನುವುದು ಅಲ್ಲೇ. ರಿಂಗ್ ಮುಟ್ಟದ ಮೇಲಿನ ಅಂಚು ಹಾಗೇ ಉಳಿದು ಮೆಟ್ಟಿಲಾಗುತ್ತದೆ. ಮೇಸ್ತ್ರಿ ಬೋರ್ ಗೇಜ್ ಇಳಿಸಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಿಡಿದರು. ಮುಳ್ಳು ಎರಡು ಕಡೆ ಎರಡು ಅಂಕಿ ತೋರಿಸಿತು. ರಾಡ್ ಓರೆಯಾಗಿ ತಳ್ಳುವ ಬದಿಗೆ ಪಿಸ್ಟನ್ ಹೆಚ್ಚು ಒರಗಿ, ಗುಂಡಗಿದ್ದ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಇನ್ನು ಓವರ್‌ಸೈಜ್ ಪಿಸ್ಟನ್: 0.25, 0.50, 0.75, 1.00 ಮಿ.ಮೀ. ಎಂದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಬೋರ್ ಮಾಡಿ, ಹೋನಿಂಗ್ ಕಲ್ಲು ಆಡಿಸಿ, ಆಯಿಲ್ ನಿಲ್ಲಲೆಂದು ಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೀರು ಬಿಡಿಸುತ್ತಾರೆ.

ಯಂತ್ರಯುಗಕ್ಕೆ ದಾರಿ ತೆರೆದದ್ದೂ ಇಂಥ ಕೆಲಸವೇ. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ 1774ರಲ್ಲಿ ತೋಪಿನ ನಳಿಕೆಯನ್ನು ನೇರವಾಗಿ ಕೊರೆಯುವ ಯಂತ್ರ ಮಾಡಿದ. ಅದೇ ಕೌಶಲದಿಂದ ಸಿಲಿಂಡರ್ ಕೊರೆದ ಮೇಲೆಯೇ ಜೇಮ್ಸ್ ವಾಟ್‌ನ ಉಗಿಯಂತ್ರ ಸೋರದೆ ಓಡಿತು. ಎಂಜಿನ್‌ನ ಬೋರ್ ಬಂದದ್ದು ತೋಪಿನ ಬಾಯಿಂದ.

ಇಂಥ ಅಂಗಡಿಗಳಿಗೆ ‘ಬೋರ್ ಅಪ್’ ಕೇಳಿಕೊಂಡು ಹುಡುಗರೂ ಬರುತ್ತಾರೆ. ಅವರಿಗೆ ಲೆಕ್ಕ ಹೇಳಬೇಕು. 65 ಮಿ.ಮೀ. ಬೋರನ್ನು 66 ಮಾಡಿದರೆ ಸಿಸಿ ಹೆಚ್ಚುವುದು ಶೇ 3ರಷ್ಟು ಮಾತ್ರ. ಇನ್ನೂ ಕೊರೆದರೆ ಗೋಡೆ ತೆಳುವಾಗುತ್ತದೆ, ಶಾಖ ತಡೆಯುವುದಿಲ್ಲ. ಅಗಲ ಹೆಚ್ಚಿಸಿ ವಾಲ್ವ್ ಹಾಗೇ ಬಿಟ್ಟರೆ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ತಯಾರಕರ ವಿನ್ಯಾಸವನ್ನು ಅನುಮತಿ ಇಲ್ಲದೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸೈಲೆನ್ಸರ್ ಕಿತ್ತು ಸದ್ದು ಮಾಡುವುದರಲ್ಲಿ ಕಲಿಯುವುದು ಏನೂ ಇಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಬೋರ್ ಗೇಜ್ ಹಿಡಿದು ಅಳೆಯಲು ಕಲಿತ ಹುಡುಗನಿಗೆ ಎಂಜಿನ್ ತಾನಾಗಿ ಬಾಯಿ ಬಿಡುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ತಾಲ್ಲೂಕುಗಳ ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಕಾರಿನ ಕನಸಿನ ಜೊತೆಗೆ ಈ ಲೇತ್ ಅಂಗಡಿಗಳ ಮೇಸ್ತ್ರಿಗಳ ಹತ್ತಿರವೂ ನಾಲ್ಕು ದಿನ ಕೂತರೆ ಅದಕ್ಕಿಂತ ದೊಡ್ಡ ಪಾಠವಿಲ್ಲ.

ಎಂಜಿನ್‌ನಲ್ಲಿ ಉತ್ತಮ ಅಳತೆ, ಅಧಮ ಅಳತೆ ಎಂಬುದಿಲ್ಲ. ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಮೊದಲು. ಬೋರು, ಸ್ಟ್ರೋಕು ಆಮೇಲೆ. ಓಟಕ್ಕೆ ನಿಂತ ಕಾರು ಒಂದೂವರೆ ಗಂಟೆಯ ರೇಸ್ ಗೆಲ್ಲಬೇಕು, ಅದಕ್ಕೆ ಅಗಲದ ಎದೆ, ಮೊಟಕು ಹೆಜ್ಜೆ. ಗಾಣದಿಂದ ಕೊಪ್ಪರಿಗೆ ಆರದಂತೆ ಕಬ್ಬಿನ ಹಾಲು ಬೀಳುತ್ತಲೇ ಇರಬೇಕು. ಸಂಜೆ ಆರಕ್ಕೆ ಹ್ಯಾಂಡಲ್ ಹೊಡೆದು ಶುರುಮಾಡಿದ ಎವಿ1 ಎಂಜಿನ್ ಬೆಳಗಿನ ಆರರವರೆಗೆ ಓಡಿದರೆ, ಅದರ ಪಿಸ್ಟನ್ ಸೈಕಲ್ ವೇಗದಲ್ಲಿ ಸುಮಾರು 240 ಕಿಲೋಮೀಟರ್ ನಡೆದಿರುತ್ತದೆ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗಿ ಬರುವಷ್ಟು ದಾರಿ; ನಡೆದದ್ದೆಲ್ಲ ಗೇಣಿಗೂ ಕಡಿಮೆ ಆಳದ ಆ 110 ಮಿಲಿಮೀಟರಿನೊಳಗೆ.